ಚಿಕ್ಕಪ್ಪನ ಮರಳು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ದವಡೆ ಒತ್ತಿಕೊಂಡು ಕೂತಿದ್ದ ದರ್ಜಿಯಾಕೆ, ಪಕ್ಕದ ಬೆಂಚಿನ ಮಾತು ಕಿವಿಗೆ ಬಿದ್ದದ್ದೇ ತನ್ನ ನೋವನ್ನು ಮರೆತಳು. ಅಲ್ಲಿದ್ದವರು ಒಬ್ಬ ಮೀನುಗಾರ ಮತ್ತು ಅವನ ಮಗಳು. ಮಗಳ ಮಡಿಲಲ್ಲಿ ಸರ್ಕಾರಕ್ಕೆಂದು ಅವಳೇ ಮಾಡಿದ ಸಮುದ್ರದ ತಳದ ನಕ್ಷೆಯಿತ್ತು. ಅಪ್ಪ ಅದರ ಮೇಲೆ ಬೆರಳಿಟ್ಟ.

“ಈ ಕಪ್ಪು ಮಚ್ಚೆ ನಾನು ಬಲೆ ಹಾಕೋ ಜಾಗ ಅಲ್ವೇನೇ?”

“ಹೌದಪ್ಪ. ತಳದ ಕೆಸರಲ್ಲಿ ಇಂಗಾಲ ಜಾಸ್ತಿ ಹೂತಿರೋದು ಅಲ್ಲೇ. ಬಲೆ ಎಳೆದ್ರೆ ಕದಡಿ ಮೇಲೆ ಬಂದು ಗಾಳಿಗೆ ಸೇರುತ್ತೆ, ಭೂಮಿ ಇನ್ನೂ ಬಿಸಿಯಾಗುತ್ತೆ. ಇನ್ನು ಅಲ್ಲಿ ಬಲೆ ಹಾಕೋ ಹಾಗಿಲ್ಲ.”

“ಒಳ್ಳೆ ಕೆಸರು ಎಲ್ಲಿದೆ ಅಂತ ನೀನು ಕೇಳ್ದೆ. ಮಗಳಲ್ವಾ ಅಂತ ನಾನೇ ದೋಣಿಲಿ ಕೂರಿಸ್ಕೊಂಡು ಹೋಗಿ ತೋರಿಸ್ದೆ.”

“ಕೆಸರು ತೆಗೆಯೋ ಕೊಳವೆ ಇಳಿಸೋಕೂ ನೀನೇ ಕೈ ಹಾಕ್ದೆ.”

“ಉಂಡ ಮನೆಗೆ ಎರಡು ಬಗೆದ್ಯಲ್ಲೇ!”

“ನಕ್ಷೆಗೆ ಅಪ್ಪ ಯಾರು, ಚಿಕ್ಕಪ್ಪ ಯಾರು ಅಂತ ಗೊತ್ತಾಗಲ್ಲ.”

ಅವನು ಬೆರಳನ್ನು ನಕ್ಷೆಯ ಪಕ್ಕದ ಜಾಗಕ್ಕೆ ಸರಿಸಿದ. ಆಮೇಲೆ ಆಸೆಯಿಂದ ಕೇಳಿದ.

“ನಿನ್ನ ಚಿಕ್ಕಪ್ಪನ ಜಾಗಾನೂ ಹೋಯ್ತು ತಾನೇ?”

“ಇಲ್ಲ. ಅದು ಬರೀ ಮರಳು. ಬಲೆ ಹಾಕೋ ಜಾಗ ಪಾಲು ಮಾಡ್ಕೊಳ್ಳೋವಾಗ ನಕ್ಕೊಂಡು ಅದನ್ನ ತಮ್ಮನ ತಲೆಗೆ ಕಟ್ಟಿದ್ದು ನೀನೇ ಅಲ್ವಾ? ಮರಳಲ್ಲಿ ಇಂಗಾಲ ನಿಲ್ಲಲ್ಲ. ಅವರಿಗೆ ಯಾವ ಅಡ್ಡೀನೂ ಇಲ್ಲ.”

ಒಳಗಿನಿಂದ ಕರೆ ಬಂತು. ಅಪ್ಪ ಕೂತಲ್ಲೇ ಕೂತಿದ್ದ. ಮಗಳು ನಕ್ಷೆ ಸುತ್ತಿಟ್ಟು, ರಟ್ಟೆ ಹಿಡಿದು ಎಬ್ಬಿಸಿದಳು.

“ಏಳಪ್ಪ, ಹಲ್ಲು ಕೀಳಿಸ್ಕೊಂಡು ಬೇಗ ಹುಷಾರಾಗು. ಚಿಕ್ಕಪ್ಪನ ದೋಣಿಗೆ ಒಬ್ಬ ಆಳು ಬೇಕಂತೆ, ಎದುರು ಮಾತಾಡದವನು. ನಿನ್ನ ಹೆಸರು ಹೇಳಿ ಬಂದಿದೀನಿ.”