ಬಂಗೇರ ಬರಿಯವರಿಗೆ ಮಾತ್ರ

ಒಂದು ಬಾಡಿಗೆ ಕೋಣೆ. ಒಳಗೆ ಕಾಲೇಜಿಗೆ ಹೋಗುವ ಹುಡುಗಿ. ಹೊರಗೆ ಜಗಲಿಯಲ್ಲಿ ಗಿಂಡಿಯಿಂದ ನೀರು ಎರೆಯುವ ಸದ್ದು… ಸುರ್ರ… ಎರೆಯುವವರು ಮಾತ್ರ ಯಾರೂ ಇಲ್ಲ. ಏನಾಗಿರಬಹುದು, ಹೇಳಿ ನೋಡುವ? ಮಾಡು ಸೋರಿದ್ದಾ? ಅಲ್ಲ. ನಳ್ಳಿ ಕೆಟ್ಟದ್ದಾ? ಅಲ್ಲ ಮಾರಾಯ್ರೆ, ಆ ಜಗಲಿಯಲ್ಲಿ ನಳ್ಳಿಯೇ ಇಲ್ಲ! ಬಿಡಿ, ನಿಮಗೆ ಸಿಗುವುದಿಲ್ಲ. ನಾನು ಬಿಎಸ್ಸಿ ಓದಿದವ, ಇಡೀ ಸರ್ವಿಸು ವಿಮಾ ಕಚೇರಿಯಲ್ಲಿ ಕುಳಿತು ಸತ್ತವರ ಕ್ಲೇಮುಗಳನ್ನೇ ನೋಡಿದವ. ನನಗೇ ಸಿಗಲಿಲ್ಲ.

ಹುಡುಗಿಯ ಹೆಸರು ಸುಪ್ರೀತಾ. ಮಡಂತ್ಯಾರಿನಲ್ಲಿ ನಮ್ಮ ಪಕ್ಕದ ಮನೆಯ ಭೋಜ ಎಂಬವನ ಮಗಳು. ಉಜಿರೆಯಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತು. ಹಾಸ್ಟೆಲಿಗೆ ಅರ್ಜಿ ಹಾಕಿದರೆ, "ನಿಮ್ಮದು ಹತ್ತಿರದ ಊರು, ದೂರದವರಿಗೆ ಮೊದಲು, ಅದು ನಿಯಮ" ಎಂದರು. ಹತ್ತಿರವಂತೆ! ಲ್ಯಾಬು ಮುಗಿಯುವಾಗ ಕತ್ತಲೆ. ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು… ಅದೂ ಸಿಕ್ಕಿದರೆ. "ಕೋಣೆ ಸಿಗದಿದ್ದರೆ ಸೀಟು ಬಿಡುವ" ಎಂದು ಭೋಜ ಹೇಳಿಯೇ ಬಿಟ್ಟ. ಹುಡುಗಿ ಊಟ ಬಿಟ್ಟು ಕುಳಿತಳು.

ಅಪ್ಪ ಮಗಳು ಮನೆ ಮನೆ ಹತ್ತಿ ಇಳಿದರು. ಒಬ್ಬರು ಮೀನು ಬೇಯಿಸುವ ಹಾಗಿಲ್ಲ ಎಂದರು. ಇನ್ನೊಬ್ಬರು ಇಬ್ಬರಾದರೆ ಮಾತ್ರ ಎಂದರು. ಕಡೆಗೆ ಪೇಟೆ ದಾಟಿ, ಒಳರಸ್ತೆಯಲ್ಲಿ, ಒಂದು ಹಳೆಯ ಬಾವಿಯ ಆಚೆ ಜಲಜಾಕ್ಷಿಯಕ್ಕನ ಮನೆ ಸಿಕ್ಕಿತು. ಒಂಟಿ ಹೆಂಗಸು. ಮೀನಿಗೆ ಅಡ್ಡಿಯಿಲ್ಲ, ಒಬ್ಬಳೇ ಇರಬಹುದು, ಅಡ್ವಾನ್ಸೂ ಬೇಡ. ಕೇಳಿದ್ದು ಒಂದೇ.

"ಮಗಳದ್ದು ಯಾವ ಬರಿ?"

ಬರಿ ಅಂದರೆ ನಮ್ಮ ತುಳುವರಲ್ಲಿ ಗೋತ್ರದ ಹಾಗೆ. ಒಂದೇ ಬರಿಯವರು ಅಣ್ಣತಂಗಿ ಲೆಕ್ಕ, ಮದುವೆ ಸಲ್ಲ.

"ಬಂಗೇರ" ಎಂದ ಭೋಜ. ಕಾಲೇಜಿನ ಕಾರ್ಡನ್ನೂ ತೋರಿಸಿದ. ಸುಪ್ರೀತಾ ಬಂಗೇರ ಎಂದೇ ಉಂಟು.

ಅಕ್ಕನ ಮುಖ ಅರಳಿತು. "ನಮ್ಮದೂ ಅದೇ! ಬೇರೆ ಬರಿಯವರಿಗೆ ನಾನು ಕೊಡುವುದೇ ಇಲ್ಲ. ನಾಳೆಯೇ ಬಾ ಮಗಾ."

ಆ ಸಂಜೆ ಭೋಜನ ಖುಷಿ ನೋಡಬೇಕಿತ್ತು. "ಹತ್ತಿರದವಳು ಅಂತ ಹಾಸ್ಟೆಲಿನವರು ಬೇಡ ಅಂದರು ಮಾರಾಯ್ರೆ, ಹತ್ತಿರದವಳು ಅಂತಲೇ ಈ ಅಕ್ಕ ಕೊಟ್ಟರು!"

ಕೆಲವು ದಿನ ಕಳೆಯಿತು. ಲ್ಯಾಬು ಮುಗಿಸಿ ಕತ್ತಲೆಯಲ್ಲಿ ಬರುವಾಗ, ಬಾವಿ ದಾಟಿದ ಕೂಡಲೇ ಹಿಂದೆ ಒಂದು ಸದ್ದು. ಒದ್ದೆ ರಬ್ಬರ್ ಚಪ್ಪಲಿಯದ್ದು. ಪಚಕ್… ಪಚಕ್… ಇವಳು ನಿಂತರೆ ಅದೂ ನಿಲ್ಲುತ್ತದೆ. ತಿರುಗಿದರೆ ರಸ್ತೆ ಖಾಲಿ.

"ಆಂಟಿ, ಯಾರೋ ಹಿಂದೆ ಬರ್ತಾರೆ."

ಅಕ್ಕ ಯಾರು ಎಂದು ಕೇಳಲಿಲ್ಲ. "ಎಷ್ಟು ಹಿಂದೆ?" ಎಂದರು.

"ತುಂಬಾ ಹಿಂದೆ."

"ಹಾಗಾದರೆ ಹೆದರಬೇಡ." ಗೋಡೆಯ ಫೋಟೋ ತೋರಿಸಿದರು. "ನನ್ನ ಮಗ ರಂಜಿತ. ಕಕ್ಕಿಂಜೆಯ ತಿರುವಿನಲ್ಲಿ, ಮಳೆಗೆ ಬೈಕು ಜಾರಿ ಹೋದ… ಮದುವೆ ಆಗಿರಲಿಲ್ಲ. ಹೆಣ್ಣು ಬೇಕು ಅಂತ ತಿರುಗ್ತಾನೆ. ನೀನು ಒಂದೇ ಬರಿ, ತಂಗಿಯಾಯಿತು. ತಂಗಿ ಮನೆ ಸೇರುವ ತನಕ ಬರ್ತಾನೆ, ಅಷ್ಟೆ."

ಮದುವೆಯಾಗದೆ ಸತ್ತವನಿಗೆ, ಹಾಗೆಯೇ ಸತ್ತ ಹುಡುಗಿಯನ್ನು ಹುಡುಕಿ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮದುವೆ ಮಾಡಿಸುವುದು ನಮ್ಮಲ್ಲಿ ಉಂಟು. ಕುಲೆ ಮದಿಮೆ ಅಂತ. ಅಕ್ಕನಿಗೆ ಸರಿಯಾದ ಸಂಬಂಧ ಇನ್ನೂ ಕೂಡಿ ಬಂದಿರಲಿಲ್ಲ.

ಓಡಿ ಬರಬಹುದಿತ್ತು ಹುಡುಗಿ. ಬಂದರೆ ಸೀಟು ಹೋಯಿತಲ್ಲ! ಗಟ್ಟಿಗಿತ್ತಿ, ಉಳಿದಳು. ಆಮೇಲಾಮೇಲೆ ಬಾಗಿಲು ಹಾಕುವಾಗ ಕತ್ತಲೆಗೆ ಮುಖ ಮಾಡಿ, "ಗುಡ್ ನೈಟ್ ಅಣ್ಣ" ಎನ್ನುತ್ತಿದ್ದಳಂತೆ. ಚಪ್ಪಲಿ ತಿರುಗಿ ಹೋಗುತ್ತಿತ್ತು. ಪಚಕ್… ಪಚಕ್…

ಆಟಿ ಅಮಾವಾಸ್ಯೆ ಬಂತು. ಅವತ್ತೂ ತಡ. ಬಾವಿಯ ಹತ್ತಿರ ಬರುವಾಗ ಅಮ್ಮ ರಾಜೀವಿಯ ಫೋನು.

"ಆದಿತ್ಯವಾರ ಮಾವನಲ್ಲಿ ಹಿರಿಯರಿಗೆ ಬಡಿಸುವುದುಂಟು. ನಮ್ಮ ಬರಿಯವರೆಲ್ಲ ಸೇರ್ತಾರೆ, ನೀನು ಬರಲೇಬೇಕು."

"ಮಾವನೂ ಬಂಗೇರವಾ?"

ಅಮ್ಮ ನಕ್ಕರು. "ಎಂತ ಮಾರಾಯ್ತಿ, ಇಷ್ಟು ಓದಿ ಇದು ಗೊತ್ತಿಲ್ಲವಾ? ಬಂಗೇರ ನಿನ್ನ ಅಪ್ಪ. ಬರಿ ಬರುವುದು ತಾಯಿಯಿಂದ. ನಾನು ಸಾಲಿಯಾನ್, ನೀನೂ ಸಾಲಿಯಾನ್. ಶಾಲೆಗೆ ಸೇರಿಸುವಾಗ ಅಪ್ಪ ತನ್ನದನ್ನು ನಿನ್ನ ಹೆಸರಿಗೆ ಅಂಟಿಸಿದ್ದು."

ಹುಡುಗಿಗೂ ನಗು ಬಂತು. ಬಾವಿಕಟ್ಟೆಗೆ ಒರಗಿ, ಗಟ್ಟಿಯಾಗಿಯೇ ಹೇಳಿದಳು. "ಅಂದರೆ ನಾನು ಬಂಗೇರ ಅಲ್ಲವೇ ಅಲ್ಲ!"

ಬಾವಿಯ ರಾಟೆ ತಿರುಗಿತು. ಕಿರ್ರ್… ಕ್ಕಿರ್ರ್… ಹಗ್ಗವಿಲ್ಲದ ರಾಟೆ.

ಅವಳು ಹೊರಟಳು. ಚಪ್ಪಲಿಯೂ ಹೊರಟಿತು. ಹಿಂದಿನಿಂದ ಅಲ್ಲ… ಪಕ್ಕದಲ್ಲಿ. ಅವಳ ಹೆಜ್ಜೆಗೆ ಹೆಜ್ಜೆ. ಪಚಕ್. ಪಚಕ್. ಓಡಿದರೆ ಅದೂ ಓಡಿತು.

ಬಾಗಿಲು ತೆರೆದ ಅಕ್ಕ ಪಿಸುಗುಟ್ಟಿದರು. "ಎಷ್ಟು ಹಿಂದೆ ಇದ್ದ?"

"ಹಿಂದೆ ಅಲ್ಲ ಆಂಟಿ… ಪಕ್ಕ."

"ಏನು ಹೇಳಿದಿ ನೀನು? ಯಾರ ಹತ್ತಿರ?"

ಅವಳು ಹೇಳಿದಳು. ಅಕ್ಕ ಚಿಲಕ ಹಾಕಿ ಭೋಜನಿಗೆ ಫೋನು ಮಾಡಿದರು. ಭೋಜನಿಗೆ ಕಾರಿಲ್ಲ, ನನ್ನ ಬಾಗಿಲು ಬಡಿದ. ಹಾಗಾಗಿ ಮುಂದಿನದ್ದು ಕೇಳಿದ ಮಾತಲ್ಲ, ನಾನೇ ಕಂಡದ್ದು.

ಹಿತ್ತಿಲ ಬಾಗಿಲಿನಿಂದ ಒಳಗೆ ಹೋದರೆ ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕುಳಿತಿದ್ದರು. ಹುಡುಗಿಯ ಬಲಗೈಯನ್ನು ಅಕ್ಕ ತನ್ನ ಸೀರೆಯ ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು.

"ಭೋಜಣ್ಣ… ನಾನು ಕೇಳಿದ್ದು ಮಗಳ ಬರಿ. ನೀವು ಹೇಳಿದ್ದು ನಿಮ್ಮದು."

"ಕಾರ್ಡಿನಲ್ಲಿ ಹಾಗೇ ಉಂಟಲ್ಲ ಅಕ್ಕ…"

"ಅವನಿಗೆ ಕಾರ್ಡು ಯಾಕೆ?"

ಆಗ ಕೇಳಿತು. ಜಗಲಿಯಿಂದ… ಸುರ್ರ… ಸಣ್ಣಗೆ, ಒಂದೇ ಎಳೆಯಾಗಿ. ಮದುವೆಯಲ್ಲಿ ಗಂಡಿನ ಕೈ, ಹೆಣ್ಣಿನ ಕೈ ಸೇರಿಸಿ ಗಿಂಡಿಯಿಂದ ಧಾರೆ ಎರೆಯುವುದಿಲ್ಲವಾ? ಅದೇ ಸದ್ದು. ಎಷ್ಟು ಮದುವೆ ಉಂಡಿದ್ದೇನೆ, ನನಗೆ ತಪ್ಪುತ್ತದಾ?

"ಕೈ ಬಿಡಬೇಡಿ ಆಂಟಿ" ಎಂದಳು ಹುಡುಗಿ. "ಯಾರೋ ಹಿಡಿದು ಎಳೀತಾರೆ."

ಅಕ್ಕ ಬಾಗಿಲಿನ ಕಡೆ ತಿರುಗಿದರು. ಬೈಯಲಿಲ್ಲ, ಅಳಲಿಲ್ಲ. ಊಟಕ್ಕೆ ಕರೆಯುವ ಹಾಗೆ ಹೇಳಿದರು. "ರಂಜಿತಾ… ಅವಳು ಓದಬೇಕು ಮಗಾ. ನಿನ್ನನ್ನು ಅಣ್ಣ ಅಂತ ಕರೆದವಳು. ಈ ಆಟಿ ಮುಗಿಯುವ ಮೊದಲು ನಿನಗೆ ಹುಡುಕಿ ಕೊಡ್ತೇನೆ. ಅಮ್ಮನ ಮಾತು."

ಸದ್ದು ನಿಂತಿತು.

ಸ್ವಲ್ಪ ಹೊತ್ತು… ಟಪ್. ಒಂದು ಹನಿ. ಮತ್ತೆ ಏನೂ ಇಲ್ಲ.

ಹುಡುಗಿಯನ್ನು ನಡುವೆ ಹಾಕಿಕೊಂಡು ಹೊರಗೆ ಬಂದೆವು. ಜಗಲಿಗೆ ಟಾರ್ಚು ಬಿಟ್ಟೆ. ನೆಲ ಒಣಗಿತ್ತು, ಬಿಳಿ ಧೂಳು ಹಾಗೇ ಉಂಟು. ಕಾರಿನ ಹತ್ತಿರ ಅಕ್ಕ ಸೆರಗು ಬಿಚ್ಚಿದರು. ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ.

ಅಕ್ಕ ಮಾತು ಉಳಿಸಿಕೊಂಡರು. ಮೂಡುಬಿದಿರೆ ಕಡೆಯಲ್ಲಿ ಒಂದು ಹೆಣ್ಣು ಸಿಕ್ಕಿತು, ಪಾಪ, ಅವಳೂ ಎಳೆ ಪ್ರಾಯದಲ್ಲೇ ಹೋದವಳು. ಎರಡು ಕುರ್ಚಿಯ ಮೇಲೆ ಸೀರೆ, ಪಂಚೆ ಇಟ್ಟು ಶಾಸ್ತ್ರ ಎಲ್ಲ ಆಯಿತು. ನಾನೂ ಹೋಗಿದ್ದೆ. ಊಟಕ್ಕೆ ಮಾಡಿದ ಕೋಳಿಯ ಕೋರಿ ಸುಕ್ಕ ಬಹಳ ಒಳ್ಳೆಯದಿತ್ತು, ಸುಳ್ಳು ಹೇಳಬಾರದು. ಸುಪ್ರೀತಾಳಿಗೂ ಹಾಸ್ಟೆಲಿನಲ್ಲಿ ಯಾರೋ ಬಿಟ್ಟು ಹೋದ ಜಾಗ ಸಿಕ್ಕಿತು. ಈಗ ಎರಡನೇ ವರ್ಷ, ಮಾರ್ಕೂ ಚಂದ ಉಂಟು.

ಆದರೆ ಪರೀಕ್ಷೆ ಬರೆಯುವಾಗ ಅವಳು ಬಲಗೈಯ ಅಡಿಗೆ ಕರವಸ್ತ್ರ ಇಟ್ಟುಕೊಳ್ಳುತ್ತಾಳೆ. ಇಲ್ಲದಿದ್ದರೆ ಶಾಯಿ ಹರಡುತ್ತದೆ. ಅಂಗೈ ಒಣಗುವುದಿಲ್ಲ. ಡಾಕ್ಟ್ರು ಬೆವರು ಅಂದರು. ಬೆವರು ಒಂದೇ ಕೈಗೆ ಬರ್ತದಾ? ಮೊನ್ನೆ ಮನೆಗೆ ಬಂದವಳ ಕೈ ನಾನೇ ಹಿಡಿದು ನೋಡಿದೆ. ತಣ್ಣಗೆ, ಈಗಷ್ಟೇ ಬಾವಿಯಿಂದ ಸೇದಿದ ನೀರು.

ನಂಬುವವರು ನಂಬಿ. ದಿನ ಮಾತ್ರ ನನಗೆ ತಪ್ಪುವುದಿಲ್ಲ. ಆಟಿ ಅಮಾವಾಸ್ಯೆಗೆಂದು ಬೆಳಿಗ್ಗೆ ಕುಡಿದ ಪಾಲೆ ಮರದ ತೊಗಟೆಯ ಕಷಾಯದ ಕಹಿ ಕಾರು ಬಿಡುವಾಗಲೂ ನಾಲಿಗೆಯಲ್ಲಿತ್ತು. ಎರಡು ಸಾವಿರದ ಇಪ್ಪತ್ತೈದನೇ ಇಸವಿ, ಜುಲೈ ಇಪ್ಪತ್ತನಾಲ್ಕು, ಗುರುವಾರ.