ಅಪ್ಪನ ಹೆಸರಿನ ಖಾಲಿ ಚೌಕಗಳು

ವೋಲೋಸ್ ಊರಿನ ಸ್ಮಶಾನದ ಎದುರು ನಾನು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಶೋಕದ ಕಪ್ಪು ಬಟ್ಟೆ ತೊಟ್ಟ ಒಬ್ಬಾಕೆ, ಆಕೆಯ ತಮ್ಮ ನಿಂತಿದ್ದರು.

"ಥೋದೋರಿ, ಗೋರಿ ಕಲ್ಲಿನ ಮೇಲೆ ಅಪ್ಪನ ಹೆಸರಲ್ಲಿ ಎರಡು ಅಕ್ಷರದ ಜಾಗಕ್ಕೆ ಖಾಲಿ ಚೌಕ ಕೆತ್ತಿದಾರಲ್ಲೋ!"

"ಅಪ್ಪಂಗಿಷ್ಟ ಅಂತ ಅಕ್ಷರದ ತಲೆ ಮೇಲೆ ಹಳೇ ಕಾಲದ ಸ್ವರಚಿಹ್ನೆ ಹಾಕಿ ಹೆಸರು ಬರೆದು ಕಳಿಸಿದ್ದೆ. ಕಂಪ್ಯೂಟರಲ್ಲಿ ಅಂಥ ಒಂದೊಂದು ಅಕ್ಷರಕ್ಕೂ ಬೇರೆ ನಂಬರಂತೆ. ಕೆತ್ತೋ ಯಂತ್ರಕ್ಕೆ ಆ ನಂಬರು ಗೊತ್ತಿಲ್ಲ, ಚೌಕ ಹಾಕ್ತು."

"ಕೆತ್ತೋ ಮೊದಲು ನಿಂಗೆ ಮಾದರಿ ತೋರಿಸಲಿಲ್ವಾ?"

"ತೋರಿಸಿದ್ರು. ಸರಿಯಾಗಿದೆ, ಕೆತ್ತಿ ಅಂದೆ."

"ಅಯ್ಯೋ, ಯಾಕೋ?"

"ಅಪ್ಪನ ಕ್ಲಾಸಲ್ಲಿ ಆ ಚಿಹ್ನೆ ಒಂದು ತಪ್ಪಿದ್ರೆ ಬೇರೆ ಹುಡುಗರಿಗೆ ಒಂದೇಟು. ಮೇಷ್ಟ್ರ ಮಗ ಅಂತ ನಂಗೆ ಹತ್ತು."

"ಸತ್ತೋರ ಮೇಲೆ ಸೇಡಾ?"

"ಬದುಕಿದ್ದಾಗ ಧೈರ್ಯ ಇರಲಿಲ್ಲ. ನೀನು ಬಾಗಿಲಲ್ಲಿ ನಿಂತು ಏಟು ಎಣಿಸ್ತಿದ್ದೆ. ನಿನ್ನ ಕಲ್ಲೂ ನಾನೇ ಕೆತ್ತಿಸೋದು."

ಬಸ್ಸು ಬಂತು. ಅವನು ಅಕ್ಕನ ಕೈ ಹಿಡಿದು ಮೆಲ್ಲಗೆ ಹತ್ತಿಸಿದ.