ಬುಧವಾರ ಸಂಜೆಯ ಹಾಲು

ಚಳಿಗಾಲದ ಬೆಳಗು. ಹಾಲಿನ ಡೈರಿಯ ಮುಂದೆ ಕ್ಯಾನುಗಳು ಸಾಲಾಗಿ ನಿಂತಿದ್ದವು, ಒಳಗೆ ಅಳತೆ ನಡೆದಿತ್ತು. ನನ್ನ ಮುಂದೆ ಇಬ್ಬರು ಓರಗಿತ್ತಿಯರು. ಕಿರಿಯವಳು ಪೇಟೆಯಲ್ಲಿ ಬ್ಯಾಲೆ ನೃತ್ಯ ಕಲಿಯಲು ಸೇರಿದ್ದಾಳೆಂದು ಅವರ ಮಾತಿನಿಂದಲೇ ತಿಳಿಯಿತು.

“ನಾನು ಬಿಟ್ಟುಬಿಡ್ತೀನಿ ಅಕ್ಕ.”

“ಮತ್ತೇನಾಯ್ತೇ?”

“ಮೂರು ತಿಂಗಳಿಂದ ಗೋಡೆ ಪಕ್ಕದ ಕಂಬಿ ಹಿಡ್ಕೊಂಡು ಮಂಡಿ ಬಗ್ಗಿಸೋದೇ ಆಯ್ತು. ಬೆನ್ನು ನೆಟ್ಟಗಿರಬೇಕಂತೆ. ನಾನು ಮಂಡಿ ಬಗ್ಗಿಸಿದ ತಕ್ಷಣ ತಲೆ ಮುಂದಕ್ಕೆ ಹೋಗುತ್ತೆ.”

“ಹಾಲು ಕರೆಯೋವಾಗಿನ ಹಾಗೆ ಹಸುವಿನ ಹೊಟ್ಟೆಗೆ ಹಣೆ ಆನಿಸೋಕೆ!”

“ನಗಬೇಡ. ಟೀಚರು ಪ್ರತಿ ಸಲ ಗದ್ದ ಹಿಡಿದು ಎತ್ತುತ್ತಾರೆ. ನನ್ನ ಜೊತೆ ಸೇರಿದವರೆಲ್ಲ ಕಂಬಿ ಬಿಟ್ಟು ಕುಣೀತಿದ್ದಾರೆ.”

“ನೀನು ಕ್ಲಾಸಿಗೆ ಹೋಗಲಿ ಅಂತ ಬುಧವಾರ ಬುಧವಾರ ಸಂಜೆ ನಿನ್ನ ಹಸುಗಳನ್ನೂ ನಾನೇ ಕರೆದಿದ್ದೀನಲ್ಲ, ಆ ಋಣ ಯಾವಾಗ ತೀರಿಸ್ತೀಯ?”

“ನಾಳೆಯಿಂದ ನಿನ್ನ ಹಸುಗಳನ್ನ ನಾನು ಕರೀತೀನಿ.”

“ಅದು ಬೇಡ. ಇಲ್ಲೇ, ಏನೂ ಹಿಡ್ಕೊಳ್ಳದೆ ಒಂದು ಸಲ ಸರಿಯಾಗಿ ಮಂಡಿ ಬಗ್ಗಿಸಿ ತೋರಿಸು. ಋಣ ತೀರಿತು. ಆಮೇಲೆ ಬೇಕಾದ್ರೆ ಬಿಟ್ಟುಬಿಡು.”

ಕಿರಿಯವಳು ಕ್ಯಾನು ಕೆಳಗಿಟ್ಟು, ಹಿಮ್ಮಡಿ ಕೂಡಿಸಿ, ಪಾದಗಳನ್ನು ಹೊರಕ್ಕೆ ತಿರುಗಿಸಿ ಮೆಲ್ಲಗೆ ಮಂಡಿ ಬಗ್ಗಿಸಿದಳು. ಅರ್ಧದವರೆಗೆ ಬೆನ್ನು ನೆಟ್ಟಗಿತ್ತು. ಆಮೇಲೆ ಹಣೆ ಮುಂದಕ್ಕೆ ಬಂತು.

“ತೀರಲಿಲ್ಲ. ಬುಧವಾರ ಹೋಗು,” ಎಂದು ಹಿರಿಯವಳು ಎರಡೂ ಕ್ಯಾನು ಎತ್ತಿಕೊಂಡು ಒಳಗೆ ನಡೆದಳು. ಕಿರಿಯವಳು ಹಣೆ ಉಜ್ಜಿಕೊಳ್ಳುತ್ತ ಹಿಂದೆ ಹೋದಳು.